ಸಮನ್ಸ್ ಸಾಹೇಬರಿಗೆ ಸಾಕ್ಷಿ ನಂಬರ್ ನಾಲ್ಕರ ಬಹಿರಂಗ ಪತ್ರ

ಸಮನ್ಸ್ ಸಾಹೇಬರೇ,

ಮೊನ್ನೆ ಪೊಲೀಸಪ್ಪನ ಕೈಯಲ್ಲಿ ತಾವು ಕರೋಶಿಯ ನಮ್ಮನೆಗೆ ದಯಮಾಡಿಸಿದಿರಿ. ಸಹಿ ಹಾಕಿ ಬರಮಾಡಿಕೊಂಡೆ. ಬದುವಿನ ಜಗಳದಲ್ಲಿ ಕೊಯ್ತಾ ಬೀಸಿದ್ದನ್ನು ಕಂಡವನು ನಾನೇ, ಸುಳ್ಳಲ್ಲ. ಆದರೆ ಆಮೇಲೆ ಊರಲ್ಲಿ ಪರಿಸ್ಥಿತಿ ಒಂಚೂರು ಬದಲಾಗಿದೆ.

ಕೊಯ್ತಾ ಬೀಸಿದವನ ಮಗಳನ್ನು ಪೆಟ್ಟು ತಿಂದವನ ಮಗನಿಗೆ ಕೊಟ್ಟಾಗಿದೆ. ಜಗಳ ಹುಟ್ಟಿದ ಬದುವನ್ನೇ ಒಡೆದು ಎರಡೂ ಕಬ್ಬಿನ ಹೊಲಕ್ಕೆ ಒಂದೇ ಪೈಪ್‌ಲೈನ್ ಎಳೆದಿದ್ದಾರೆ. ತಾವು ಕೊಟ್ಟ ತಾರೀಖಿನಂದೇ ಆ ಬಸುರಿ ಹುಡುಗಿಯ ಕುಬಸ. ಆರೋಪಿಗೂ ಫಿರ್ಯಾದಿಗೂ ಅದೇ ತಾರೀಖು. ನಾವು ಮೂವರೂ ಕೋರ್ಟಿಗೆ ಬಂದರೆ ಉಡಿ ತುಂಬುವ ಮನೆಯಲ್ಲಿ ಬಂದವರನ್ನು "ಬರ್ರಿ, ಕುಂದರ್ರಿ" ಅನ್ನಲು ಹಿರಿಯರೇ ಇರುವುದಿಲ್ಲ.

ರಾಜಿಯಾಗಿ ಮುಗಿಸಿ ಅಂದರೆ ವಕೀಲರು ನಗುತ್ತಾರೆ. ಐಪಿಸಿ 324, ಅಪಾಯಕಾರಿ ಆಯುಧದಿಂದ ಗಾಯ. 2009ರ ಡಿಸೆಂಬರ್ 31ರಿಂದ ಇದಕ್ಕೆ ರಾಜಿ ಇಲ್ಲ. ಬೀಗರ ಸಿಟ್ಟು ಇಳಿದರೂ ಸರ್ಕಾರದ ಸಿಟ್ಟು ಇಳಿದಿಲ್ಲ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ ರದ್ದು ಮಾಡಿಸಬಹುದಂತೆ. ಆ ಖರ್ಚಿಗೆ ಒಂದು ಎಮ್ಮೆ ಬರುತ್ತದೆ.

ಇನ್ನು ನನ್ನ ಕಣ್ಣು. ಜಗಳ ಕಂಡಾಗ ಎರಡರಲ್ಲೂ ಪೊರೆ ಇತ್ತು. ಈಗ ಆಪರೇಶನ್ ಆಗಿ ಗುಡಿಯ ಕಳಸ ಮನೆಯಿಂದಲೇ ನಿಚ್ಚಳ ಕಾಣುತ್ತದೆ. "ಎಷ್ಟು ದೂರದಿಂದ ನೋಡಿದ್ರಿ?" ಅಂತ ಎದುರು ವಕೀಲರು ಕೇಳಿದರೆ ಯಾವ ಕಣ್ಣಿನ ಲೆಕ್ಕ ಕೊಡಲಿ?

ತಾವೇನೂ ಇದ್ದ ಹಾಗೇ ಇಲ್ಲ ಬಿಡಿ. 2024ರ ಜುಲೈ 1ಕ್ಕೆ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ನಾಗರಿಕ ಸುರಕ್ಷಾ ಸಂಹಿತೆ ಬಂತು. ಕಾರಣವಿಲ್ಲದೆ ತಪ್ಪಿಸಿಕೊಂಡ ಸಾಕ್ಷಿಗೆ 100 ರೂಪಾಯಿವರೆಗೆ ಇದ್ದ ದಂಡ 500ಕ್ಕೆ ಏರಿತು. ನಮ್ಮ ಕೇಸು ಹಳೇದು, ಹಳೇ ರೇಟೇ ಇರಲಿ. ತನಿಖೆ ಮಾಡಿದ ಸಾಹೇಬರಿಗೆ ವರ್ಗವಾಗಿದೆ. ಬದಲಾಗಬಾರದ್ದು ನನ್ನ ಹೇಳಿಕೆಯೊಂದೇ. ಒಂದು ಮಾತು ಆಚೀಚೆ ಆದರೆ "ಸಾಕ್ಷಿ ಉಲ್ಟಾ ಹೊಡೆದ".

ಹೇಳಿಕೆ ಬದಲಾಗದಿದ್ದರೂ ತಾರೀಖಾದರೂ ಬದಲಾಗಲಿ. ಅಮೆರಿಕದಲ್ಲಿ ಜ್ಯೂರಿಗೆ ಕರೆ ಬಂದವರು ಕಾರಣ ಬರೆದು ದಿನ ಮುಂದೂಡಿಸಿಕೊಳ್ಳಬಹುದಂತೆ. ಇಲ್ಲೂ ಜ್ಯೂರಿ ಇತ್ತು. 1959ರಲ್ಲಿ ಮುಂಬೈಯಲ್ಲಿ ಕೊಲೆ ಕೇಸಿನ ಆರೋಪಿ, ನೌಕಾಪಡೆಯ ನಾನಾವತಿಯನ್ನು ಜ್ಯೂರಿಯ ಒಂಬತ್ತರಲ್ಲಿ ಎಂಟು ಜನ ನಿರ್ದೋಷಿ ಅಂದರು, ಹೈಕೋರ್ಟು ಒಪ್ಪಲಿಲ್ಲ. 1974ರಲ್ಲಿ ಜಾರಿಯಾದ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಸಿಗಲಿಲ್ಲ. ಜಡ್ಜ್ ಸಾಹೇಬರ ಪಕ್ಕದ ಕುರ್ಚಿ ಹೋಯಿತು, ನಮ್ಮಂಥವರಿಗೆ ಕಟಕಟೆ ಉಳಿಯಿತು. ಸಾಕ್ಷಿಗೆ ಕೂರಲು ಜಾಗವಿಲ್ಲ, ಕುಡಿಯಲು ನೀರಿಲ್ಲ, ದಿನವಿಡೀ ಕಾದ ಮೇಲೆ ಮುಂದಿನ ತಾರೀಖು ಅಂತ 2000ದಲ್ಲಿ ಸ್ವರಣ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಮರುಗಿತ್ತು. 2018ರಲ್ಲಿ ಸಾಕ್ಷಿ ಸಂರಕ್ಷಣಾ ಯೋಜನೆಗೂ ಒಪ್ಪಿಗೆ ಕೊಟ್ಟಿತು. ನನಗೆ ಬಂದೂಕಿನವರು ಬೇಡ, ಬೆಂಚು ಸಾಕು.

ಬರುವುದಿಲ್ಲ ಅಂದಿಲ್ಲ. ವಾರಂಟಿನ ಭಯ ನನಗೂ ಇದೆ. ಸರ್ಕಾರಿ ವಕೀಲರ ಕೈಗೆ ಅರ್ಜಿ ಕೊಟ್ಟಿದ್ದೇನೆ: ಕುಬಸ ಮುಗಿಯಲಿ, ಫ್ಯಾಕ್ಟರಿಯ ಕಟಾವು ಪಾಳಿ ಇಲ್ಲದ ದಿನ ನೋಡಿ ಕರೆಯಿರಿ. ಆ ದಿನ ಚಿಕ್ಕೋಡಿಗೆ ಆರೋಪಿಯ ಬೈಕಿನ ಹಿಂದೆ ಕೂತು ಬರುತ್ತೇನೆ, ನಡುವೆ ಫಿರ್ಯಾದಿ ಇರುತ್ತಾನೆ. ಸಾಕ್ಷಿಯ ಮೇಲೆ ಒತ್ತಡ ಅಂತ ಬರೆದುಕೊಳ್ಳಬಾರದು. ಪೆಟ್ರೋಲಿಗೆ ಮೂವರೂ ಸಮಪಾಲು.

ಇಂತಿ,
ಸಾಕ್ಷಿ ನಂಬರ್ 4