ಟವೆಲ್ ಮೀಮಾಂಸೆ

ಹೊಗೆ ಕಂಡಲ್ಲಿ ಬೆಂಕಿ ಇದೆಯೆಂದು ತಿಳಿಯಬೇಕು ಎಂಬುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ಸರ್ಕಾರಿ ಕಚೇರಿಯಲ್ಲಿ ಧೂಮಪಾನ ನಿಷಿದ್ಧವಾದ್ದರಿಂದ ಈ ಪ್ರಬಂಧಕಾರನು ಟವೆಲ್ಲನ್ನೇ ಹೇತುವಾಗಿ ಹಿಡಿದಿದ್ದಾನೆ. ಎಲ್ಲೆಲ್ಲಿ ಕುರ್ಚಿಯ ಬೆನ್ನಿಗೆ ಬಿಳಿ ಟವೆಲ್ ಇದೆಯೋ ಅಲ್ಲಲ್ಲಿ ಸಾಹೇಬರಿದ್ದಾರೆ: ಇದು ವ್ಯಾಪ್ತಿ. ಕಣ್ಣಿಗೆ ಮಾತ್ರ ಸಾಹೇಬರು ಬೀಳುವುದಿಲ್ಲ, ಮೀಟಿಂಗಿಗೆ ಹೋಗಿರುತ್ತಾರೆ. ನೈಯಾಯಿಕರು ಇದನ್ನು ಹೇತ್ವಾಭಾಸ ಎಂದಾರು. ಕಾರವಾರದ ಜವಾನ ಒಪ್ಪುವುದಿಲ್ಲ. ಆತ ಖಾಲಿ ಕುರ್ಚಿಯ ಎದುರೂ ದನಿ ತಗ್ಗಿಸಿಯೇ ಮಾತಾಡುತ್ತಾನೆ. ಪಾದುಕೆಯನ್ನಿಟ್ಟು ಹದಿನಾಲ್ಕು ವರ್ಷ ರಾಜ್ಯ ನಡೆಸಿದ ದೇಶವಲ್ಲವೇ ನಮ್ಮದು!

ಟವೆಲ್ ಏಕೆ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: 'ಮೊದಲಿಂದ್ಲೂ ಹಾಗೇ.' ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನಷ್ಟೇ ಬಲ್ಲ ಗೌತಮರು ಈ ಐದನೆಯದನ್ನು ಕಾಣದೆ ಹೋದರು. ಈ 'ಮೊದಲು' ಎಂದರೆ ಯಾವಾಗ? ಕಾರವಾರವಿರುವ ಈ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಮಾಮಲೇದಾರರು ತಹಶೀಲ್ದಾರರಾದರು. ದೊರೆಗಳು ಬದಲಾದರು, 'ಮೊದಲು' ಮಾತ್ರ ಕೂತಲ್ಲಿಂದ ಏಳಲಿಲ್ಲ. ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತಮ್ಮ ರವೀಂದ್ರನಾಥರು ಬಂದು, ಕಡಲತಡಿಯಲ್ಲಿ ಮೈಮರೆತು, ನಾಟಕವೊಂದನ್ನು ಬರೆದರು. ಅವರಿಗೆ ಯಾವ ಟೇಬಲ್ಲಿಗೂ ಅರ್ಜಿ ಕೊಡುವ ಪ್ರಸಂಗ ಬರಲಿಲ್ಲವೆಂದು ನಮ್ಮ ಊಹೆ. ಬಂದಿದ್ದರೆ ನಾಟಕ ಮುಗಿಯುತ್ತಿರಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ಅಂಕೋಲೆಯ ಜನ 'ಮೊದಲಿಂದ್ಲೂ ಹಾಗೇ' ಎಂಬುದನ್ನು ಒಮ್ಮೆ ಮುರಿದಿದ್ದಾರಲ್ಲ? ನಿಜ. ಉಪ್ಪು ಸರ್ಕಾರದ್ದು ಎಂಬುದೂ ಮೊದಲಿಂದ ಬಂದದ್ದೇ. ಕಡಲು ಮನೆಬಾಗಿಲಲ್ಲೇ ಇದ್ದರೂ ನೀರು ಕಾಯಿಸಿದರೆ ಅಪರಾಧ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರು ಅಂಕೋಲೆಯಲ್ಲಿ ಆ ಕಾನೂನು ಮುರಿದರು. ಆಮೇಲೆ ಕರನಿರಾಕರಣೆ, ಕಂದಾಯ ಕೊಡೆವೆಂದ ರೈತರು ಗದ್ದೆ ಜಪ್ತಿಯಾದರೂ ಬಗ್ಗಲಿಲ್ಲ. ಅಂಥವರ ಮೊಮ್ಮಗ ಇಂದು ಪಹಣಿಯಲ್ಲಿ ತಪ್ಪಿದ ಅಜ್ಜನ ಹೆಸರಿನ ಒಂದು ಕೊಂಬು ತಿದ್ದಿಸಲು ಬಂದು, ಟವೆಲ್ಲಿನ ಎದುರು ಕೈಕಟ್ಟಿ ನಿಲ್ಲುತ್ತಾನೆ. ಪಕ್ಕದಲ್ಲೇ ಬೆಂಚು ಖಾಲಿಯಿದೆ.

ಪೊಲೀಸನು 'ಏಯ್' ಎಂದಾಗ ತಿರುಗಿ ನೋಡಿದವನು ಆ ಕ್ಷಣದಲ್ಲೇ ಪ್ರಜೆಯಾಗುತ್ತಾನೆ ಎಂಬರ್ಥದ ಸಿದ್ಧಾಂತವನ್ನು ಫ್ರಾನ್ಸಿನ ಅಲ್ತುಸೇರ್ 1970ರಲ್ಲಿ ಮಂಡಿಸಿದ. ಪಾಪ, ಕಾರವಾರ ನೋಡಿರಲಿಲ್ಲ. ಇಲ್ಲಿ ಕರೆಯುವುದೂ ಬೇಡ, ಫ್ಯಾನು ತಿರುಗಿದರೆ ನಾಲ್ವರು ಎದ್ದು ನಿಲ್ಲುತ್ತಾರೆ. 2011ರ ಸಕಾಲ ಕಾಯ್ದೆ ಕೆಲಸಕ್ಕೆ ದಿನದ ಗಡುವು ಹಾಕಿತು, ಸರಿಯೇ. ಗಡುವು ಅರ್ಜಿ ಸ್ವೀಕಾರವಾದಲ್ಲಿಂದ ಶುರು. ಅದಕ್ಕೂ ಹಿಂದಿನ ಕಾಲವನ್ನು ಅಳೆಯುವ ಮಾನ ಇನ್ನೂ ಹುಟ್ಟಿಲ್ಲ. ಕನ್ನಡದಲ್ಲಿ ಅದಕ್ಕೆ 'ನಾಳೆ' ಎನ್ನುತ್ತಾರೆ, ಕೊಂಕಣಿಯಲ್ಲಿ 'ಫಾಲ್ಯಾ'.

ಕ್ಷೇತ್ರಕಾರ್ಯವಿಲ್ಲದ ಸಂಶೋಧನೆ ಉಪ್ಪಿಲ್ಲದ ಮೀನುಸಾರು. ಆದ್ದರಿಂದ ಪ್ರಬಂಧಕಾರನು ಅಂಕೋಲೆಯಿಂದ ಬಸ್ಸು ಹಿಡಿದು ಕಾರವಾರದ ಒಂದು ಕಚೇರಿಗೆ ಹೋದನು. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಟವೆಲ್ ಇತ್ತು. ಪ್ರಶ್ನಾವಳಿ ತೆಗೆಯುವಷ್ಟರಲ್ಲಿ ಜವಾನನೇ ಪ್ರಶ್ನೆ ಕೇಳಿದ:

'ಅಲ್ಲಾ ಮಾಸ್ತರೇ, ಚಪ್ಪಲಿ ಎಂತಕೆ ಹೊರಗೆ ಬಿಟ್ಟು ಬಂದ್ರಿ? ಇಲ್ಲಿ ಯಾರೂ ಬಿಡೂಕೆ ಹೇಳ್ಳಿಲ್ಲ.'

ಪ್ರಬಂಧಕಾರನ ಬಾಯಿಗೆ ಬಂದ ಉತ್ತರ: 'ಮೊದಲಿಂದ್ಲೂ ಹಾಗೇ.'