ಮೂವರು ಮಂತ್ರಿಗಳು, ಅರ್ಧ ಅಂಕ

ಅಂಡರ್-8 ಚೆಸ್ ಪಂದ್ಯಾವಳಿಗಳನ್ನು ಕಲ್ಯಾಣ ಮಂಟಪದಲ್ಲಿ ನಡೆಸುವುದಕ್ಕೆ ಮೇಜು-ಕುರ್ಚಿಯ ಅನುಕೂಲವೇ ಕಾರಣವೆಂದು ಸಾಮಾನ್ಯರು ತಿಳಿದಿದ್ದಾರೆ. ನಾವು ತಜ್ಞರು ಹಾಗೆ ತಿಳಿಯುವುದಿಲ್ಲ. ಒಳಗೆ ಕೂತ ಇಬ್ಬರ ಭವಿಷ್ಯವನ್ನು ಹೊರಗೆ ನಿಂತ ಇನ್ನೂರು ಹಿರಿಯರು ತೀರ್ಮಾನಿಸುವುದಕ್ಕೆ ಅದಕ್ಕಿಂತ ಪ್ರಶಸ್ತವಾದ ಕಟ್ಟಡ ಇನ್ನೊಂದಿಲ್ಲ.

17ನೇ ಬೋರ್ಡಿನ ಆಟವನ್ನೇ ನೋಡಿ. ತಲಾ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡು ಹೆಚ್ಚುವರಿ. ಬಿಳಿ ಕಾಯಿಯ ಹುಡುಗ ಹದಿನೈದು ನಡೆ ಮುಗಿಸಿದಾಗ ಅವನ ಗಡಿಯಾರದಲ್ಲಿ 95 ನಿಮಿಷವಿತ್ತು. ಆಡುತ್ತಾ ಆಡುತ್ತಾ ಆಯುಸ್ಸು ಹೆಚ್ಚಿಸಿಕೊಳ್ಳುವ ಈ ವಿದ್ಯೆ ಗ್ರ್ಯಾಂಡ್‌ಮಾಸ್ಟರ್‌ಗಳಿಗೂ ಸುಲಭವಲ್ಲ.

ಎರಡನೇ ನಡೆಗೇ ಅವನ ಮಂತ್ರಿ ರಾಜನ ಪಕ್ಕದ ಒಂಟೆಯ ಮುಂದಿನ ಕಾಲಾಳಿನ ಮೇಲೆ ಕಣ್ಣಿಟ್ಟು ಹೊರಬಂದಿದ್ದ. ನಾಲ್ಕೇ ನಡೆಯ ಸ್ಕಾಲರ್ಸ್ ಮೇಟ್ ಹೊಡೆಯುವ ಸಂಚು. ಕಪ್ಪು ಕಾಯಿಯ ಹುಡುಗಿ ಕುದುರೆ ಮುಂದಿಟ್ಟು ತಡೆದಳು. ಸಂಚು ಅವಳಿಗೆ ಗೊತ್ತಿರಲಿಲ್ಲ, ಕುದುರೆ ಇಷ್ಟ, ಅಷ್ಟೆ. ತನಗೂ ಸುಳಿವು ಕೊಡದ ರಕ್ಷಣೆಯನ್ನು ಎದುರಾಳಿ ಭೇದಿಸುವುದಾದರೂ ಹೇಗೆ?

ಹದಿನಾರನೇ ನಡೆಯಲ್ಲಿ ಅವಳ ಒಂಟೆ ಕಪ್ಪು ಮನೆಯಿಂದ ಬಿಳಿ ಮನೆಗೆ ದಾಟಿತು. ಅಕ್ರಮ ನಡೆಯಾದ್ದರಿಂದ ನಿಯಮದಂತೆ ಆರ್ಬಿಟರ್ ಹುಡುಗನಿಗೆ 2 ನಿಮಿಷ ಹೆಚ್ಚಿಗೆ ಕೊಟ್ಟರು. ಇದ್ದ ಸಮಯವನ್ನೇ ಏನು ಮಾಡಬೇಕೆಂದು ತೋಚದವನಿಗೆ ಇದು ಕ್ರೂರ ಶಿಕ್ಷೆ.

ಹೊರಗೆ ಅವನ ತಂದೆ ಲೆಕ್ಕದಲ್ಲಿ ಮುಳುಗಿದ್ದರು. ಪ್ರಜ್ಞಾನಂದ 2013ರಲ್ಲಿ ಅಂಡರ್-8 ವಿಶ್ವ ಚಾಂಪಿಯನ್, 2016ರಲ್ಲಿ 10 ವರ್ಷ 10 ತಿಂಗಳಿಗೇ ಇಂಟರ್‌ನ್ಯಾಷನಲ್ ಮಾಸ್ಟರ್. ಅಂದಮೇಲೆ ಮಗನಿಗೆ ಉಳಿದದ್ದು ಮೂರು ವರ್ಷ ಚಿಲ್ಲರೆ, ಅದರಲ್ಲೂ ಶಾಲೆ ಬೇರೆ. ಮಗ ಒಳಗೆ ಅಲ್ಲಾಡುವ ಹಲ್ಲನ್ನು ನಾಲಿಗೆಯಿಂದ ತಳ್ಳುತ್ತಿದ್ದ. ಕಿಟಕಿಯಾಚೆ ಅದನ್ನು ಏಕಾಗ್ರತೆ ಎಂದು ದಾಖಲಿಸಿಕೊಂಡರು.

ಕೊನೆಯ ಘಟ್ಟಕ್ಕೆ ಹುಡುಗಿಯ ಬಳಿ ಒಂಟಿ ರಾಜ. ಹುಡುಗನ ಎರಡು ಕಾಲಾಳುಗಳು ಕೊನೆಯ ಸಾಲು ಮುಟ್ಟಿ ಮಂತ್ರಿಗಳಾದವು, ಹಳೆಯ ಮಂತ್ರಿ ಇದ್ದೇ ಇದ್ದ. ಗೆಲ್ಲಲು ಒಬ್ಬ ಧಾರಾಳ ಸಾಕು. ಆದರೆ ಸಂಪುಟ ವಿಸ್ತರಣೆಗೆ ಅವಕಾಶ ಸಿಕ್ಕಿದಾಗ ಬೇಡವೆಂದವರನ್ನು ನಮ್ಮ ರಾಜ್ಯ ಇನ್ನೂ ಕಂಡಿಲ್ಲ. ಮೂವರೂ ಸೇರಿ ಆ ರಾಜನನ್ನು ಮೂಲೆಗೊತ್ತಿ, ಚೆಕ್ ಕೊಡುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದರು. ಸ್ಟೇಲ್‌ಮೇಟ್. ಇಬ್ಬರಿಗೂ ಅರ್ಧ ಅಂಕ.

“ಅಂಕಲ್, ನಾನು ಗೆದ್ನಾ?” ಎಂದು ಹುಡುಗಿ ಆರ್ಬಿಟರನ್ನು ಕೇಳಿದಳು. ಆಟದ ಕುರಿತು ಅಂದು ಬಂದ ಪ್ರಶ್ನೆಗಳಲ್ಲಿ ಉತ್ತರವಿದ್ದದ್ದು ಅದೊಂದಕ್ಕೇ.

ಮುಂದಿನ ಸುತ್ತು 2.30ಕ್ಕೆ. ಕಿಟಕಿಯಿಂದ ಕೈಸನ್ನೆ ಮಾಡುವ ಪೋಷಕರು ಆನೆಗೂ ಒಂಟೆಗೂ ದಯವಿಟ್ಟು ಬೇರೆ ಬೇರೆ ಸನ್ನೆ ಬಳಸಬೇಕು. ಮಕ್ಕಳಿಗೆ ಗೊಂದಲವಾಗುತ್ತಿದೆ.