ಐದು ಒಂಬತ್ತು ಒಂಬತ್ತು, ಊಟ ಆತೇನ್ರಿ?

ಜನ ದೂರದೂರಿಗೆ ಮೂರು ಕಾರಣಕ್ಕೆ ಹೋಗುತ್ತಾರೆ: ದುಡಿಯಲು, ದೇವರ ದರ್ಶನಕ್ಕೆ, ಇಲ್ಲವೇ ಸಾಲ ಕೊಟ್ಟವರ ಕಣ್ಣು ತಪ್ಪಿಸಲು. ಹವ್ಯಾಸಿ ರೇಡಿಯೋ ಮಂದಿಯದು, ಅಂದರೆ ಹ್ಯಾಮ್‌ಗಳದು, ನಾಲ್ಕನೆಯ ಕಾರಣ. ಅವರು ಲಕ್ಷಗಟ್ಟಲೆ ಸುರಿದು, ಸಮುದ್ರ ದಾಟಿ, ನರಪಿಳ್ಳೆ ಇಲ್ಲದ ನಡುಗಡ್ಡೆಯಲ್ಲಿ ಡೇರೆ ಹಾಕಿ ಲೋಕಕ್ಕೆಲ್ಲ ಹೇಳುವುದು ಒಂದೇ ಮಾತು: ‘ಐದು ಒಂಬತ್ತು ಒಂಬತ್ತು’. ಸಂದೇಶ ಸ್ಪಷ್ಟ, ಸದ್ದು ಗಟ್ಟಿ, ನಾದ ಶುದ್ಧ ಎಂದರ್ಥ. ಮುಗಿಯಿತು, ಮುಂದಿನವರು ಬನ್ನಿ! ಕಿವಿಗೆ ಬಿದ್ದದ್ದು ಬರೀ ಗೊರಗೊರ ಆಗಿದ್ದರೂ ವರದಿ ಮಾತ್ರ 599. ಮದುವೆಮನೆಯಿಂದ ಹೊರಬರುವವರನ್ನು ಊಟ ಹೇಗಿತ್ತೆಂದು ಕೇಳಿದರೆ ಬರುವ ಉತ್ತರದಂತೆ.

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಯಿಂದ ಒಬ್ಬೊಬ್ಬರಂತೆ ಮೂವರು ಈ ಹುಚ್ಚು ಹಿಡಿಸಿಕೊಂಡು ಒಗ್ಗರಣೆ ಮಿರ್ಚಿ ಮುಂದೆ ಕೂತರು ಅನ್ನಿ. ಮೊದಲ ಪ್ರಶ್ನೆ, ಯಾವ ದೇಶಕ್ಕೆ?

ಸಿಂಧನೂರಿನವರು ಎದೆಯುಬ್ಬಿಸಿ “ಬೂವೆ” ಅನ್ನುತ್ತಾರೆ. ದಕ್ಷಿಣ ಅಟ್ಲಾಂಟಿಕ್ಕಿನ ಆ ಹಿಮದ ನಡುಗಡ್ಡೆ ನಾರ್ವೆಗೆ ಸೇರಿದ್ದು. 2018ರಲ್ಲಿ ಒಂದು ತಂಡ ಅದರ ಹತ್ತಿರದವರೆಗೂ ಹೋಗಿ, ಹವೆ ಕೆಟ್ಟು, ಹಡಗಿನ ಎಂಜಿನ್ ಕೈಕೊಟ್ಟು, ಕಾಲಿಡದೆ ವಾಪಸಾಯಿತು. 2023ರಲ್ಲಿ ಇನ್ನೊಂದು ತಂಡ ಹೇಗೋ ದಡ ಹತ್ತಿತು. ಲಿಂಗಸುಗೂರಿನವರಿಗೆ ಚಳಿ ಆಗಿಬರುವುದಿಲ್ಲ. “ಪಾಸ್‌ಪೋರ್ಟ್ ಬ್ಯಾಡದ ದೇಶ ನೋಡ್ರೆಪ್ಪಾ” ಎನ್ನುತ್ತಾರೆ. ಅದಕ್ಕೂ ದಾರಿಯಿದೆ. ಹ್ಯಾಮ್‌ಗಳ ಪಟ್ಟಿಯಲ್ಲಿ ‘ದೇಶ’ಗಳು 340, ಅಂಡಮಾನ್ ಒಂದು, ಲಕ್ಷದ್ವೀಪ ಇನ್ನೊಂದು.

ಎರಡನೆಯ ಹುಚ್ಚು, ಕೆಳಗಿನ ಬ್ಯಾಂಡು. ಸುಲಭದ ಬ್ಯಾಂಡಿನಲ್ಲಿ ಮಾತಾಡಿದರೆ ಯಾರು ಬೆನ್ನು ತಟ್ಟುತ್ತಾರೆ? ಇವರಿಗೆ 160 ಮೀಟರೇ ಬೇಕು. ಮೀಡಿಯಂ ವೇವ್ ಮುಗಿದಲ್ಲಿಂದ ಸ್ವಲ್ಪ ಮೇಲಕ್ಕಿರುವ 1.8 ಮೆಗಾಹರ್ಟ್ಸ್ ಜಾಗ ಅದು. ಹಗಲಲ್ಲಿ ಬಿಸಿಲಿಗೆ ಮೇಲಿನ ಗಾಳಿಯಲ್ಲಿ ಒಂದು ಪದರ ಎದ್ದು ಈ ಅಲೆಗಳನ್ನು ನುಂಗಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗಿ, ಅಲೆ ಇನ್ನೂ ಮೇಲಿನ ಪದರಕ್ಕೆ ತಾಗಿ ಸಮುದ್ರದಾಚೆ ಬೀಳುತ್ತದೆ. ಹಳೆಯ ರೇಡಿಯೋದಲ್ಲಿ ರಾತ್ರಿ ಮಾತ್ರ ದೂರದ ಸ್ಟೇಷನ್ನುಗಳು ಸಿಗುತ್ತಿದ್ದದ್ದೂ ಇದರಿಂದಲೇ. ಹೀಗಾಗಿ ನಮ್ಮ ಮೂವರು ಹಗಲೆಲ್ಲ ತೂಕಡಿಸಿ ರಾತ್ರಿಯೆಲ್ಲ ಎಚ್ಚರಿರಬೇಕು. ಮನೆಯಲ್ಲಿ ಇದನ್ನು ಒಪ್ಪಿಸುವುದು ನಾರ್ವೆ ಸರ್ಕಾರವನ್ನು ಒಪ್ಪಿಸುವುದಕ್ಕಿಂತ ಕಷ್ಟ.

ಇನ್ನು ಆಂಟೆನಾ. ಅಲೆಯ ಕಾಲು ಭಾಗದಷ್ಟು ಎತ್ತರದ ಕಂಬವೆಂದರೂ 40 ಮೀಟರ್. ಅದರ ಬುಡದಿಂದ ಸುತ್ತಲೂ ನೆಲದ ಮೇಲೆ ಡಜನುಗಟ್ಟಲೆ ತಾಮ್ರದ ತಂತಿ ಹಾಸಬೇಕು. ಕೇಳಿಸಿಕೊಳ್ಳಲು ಬೇರೆಯೇ ತಂತಿ. ಆಳೆತ್ತರದಲ್ಲಿ ನೂರಾರು ಮೀಟರ್ ಎಳೆಯಬೇಕು. ಕಂಡುಹಿಡಿದವನ ಹೆಸರಿನಿಂದ ಅದಕ್ಕೆ ಬೆವರೇಜ್ ಆಂಟೆನಾ ಎನ್ನುತ್ತಾರೆ. ಇಷ್ಟನ್ನೂ ಪರದೇಶಕ್ಕೆ ಒಯ್ಯುವ ಮೊದಲು ಊರಲ್ಲೇ ತಾಲೀಮು ಆಗಬೇಡವೇ? ಆಗಬೇಕು. ಯಾರ ಊರಲ್ಲಿ?

“ನಮ್ಮಲ್ಲೇ” ಎನ್ನುತ್ತಾರೆ ಸಿಂಧನೂರಿನವರು. “ಎಡದಂಡೆ ಕಾಲುವಿ ನೀರು ನಿಂತ ಭತ್ತದ ಗದ್ದಿ ಐತಿ. ಹಸಿ ನೆಲ ಇದ್ರ ಅಲಿ ಛಲೋ ಹೋಗ್ತಾವ.” ಮಾತು ಸುಳ್ಳಲ್ಲ, ನೆಟ್ಟಗಿನ ಆಂಟೆನಾಕ್ಕೆ ಒಣ ಬಂಡೆಗಿಂತ ಒದ್ದೆ ಮಣ್ಣು ಮೇಲು, ಉಪ್ಪುನೀರು ಎಲ್ಲಕ್ಕಿಂತ ಮೇಲು. ಆದರೆ ಪಂಪ್‌ಸೆಟ್ಟು, ಟಿಸಿಗಳ ಗುಂಯ್‌ಗುಟ್ಟುವಿಕೆಯಲ್ಲಿ ಜಪಾನು ಕೇಳಿಸುವುದು ಹೇಗೆ? ತಂತಿ ಎಳೆಯುವುದನ್ನು ಕಂಡ ರೈತರಂತೂ ಓಡಿ ಬಂದು ಕೇಳದೆ ಬಿಡರು: “ಸರ್ವೆ ಏನ್ರಿ? ಎಕರೆಗೆ ಪರಿಹಾರ ಎಷ್ಟು ಕೊಡ್ತೀರಿ?” ರಾತ್ರಿ ಬಯಲಲ್ಲಿ ಬಿಟ್ಟ ತಾಮ್ರ ಬೆಳಗಾಗುವಷ್ಟರಲ್ಲಿ ಗುಜರಿ ಅಂಗಡಿ ಸೇರಿದರೂ ಸೇರೀತು.

“ಹಟ್ಟಿ ಗಣಿ ನಮ್ಮ ತಾಲೂಕಿನ್ಯಾಗ ಐತಿ, ಕಬ್ಬಿಣದ ಕೆಲಸ ನಮಗ ಬಿಡ್ರಿ” ಎನ್ನುತ್ತಾರೆ ಲಿಂಗಸುಗೂರಿನವರು. “ಅಲ್ಲಿಯವರು ಕೆಳಕ್ಕ ಇಳಿಯೋರು, ನಮಗ ಮ್ಯಾಲಕ್ಕ ಹತ್ತೋರು ಬೇಕು” ಎಂದು ಉಳಿದಿಬ್ಬರೂ ಬಾಯಿ ಮುಚ್ಚಿಸುತ್ತಾರೆ.

ಮಸ್ಕಿಯವರು ಮಿರ್ಚಿ ಮುಗಿಸಿ ಕೈ ಒರೆಸಿಕೊಳ್ಳುತ್ತಾರೆ. ಹ್ಯಾಮ್‌ಗಳ ಲೋಕದಲ್ಲಿ ಮಾತಾಡಿದ್ದಕ್ಕೆ ಖಾತ್ರಿಯಾಗಿ ಕ್ಯೂಎಸ್ಎಲ್ ಕಾರ್ಡು ಬರಬೇಕು. ಬಾರದಿದ್ದರೆ ಆ ದೇಶ ಲೆಕ್ಕಕ್ಕಿಲ್ಲ. ಅಶೋಕನ ಶಾಸನಗಳದೂ ಇದೇ ಕಥೆ ಎನ್ನುತ್ತಾರೆ ಅವರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಸಂದೇಶ ಸಿಕ್ಕಿತ್ತು, ‘ದೇವಾನಾಂಪ್ರಿಯ’ ಎಂಬ ಬಿರುದೂ ಸಿಕ್ಕಿತ್ತು. ಅದು ಅಶೋಕನೇ ಎಂದು ಸಿಂಹಳದ ಗ್ರಂಥಗಳಿಂದ ಊಹಿಸಿದ್ದರು. ಅವನದೇ ಶಾಸನದಲ್ಲಿ ಆ ಹೆಸರು ಕಂಡದ್ದು 1915ರಲ್ಲಿ, ಚಿನ್ನ ಹುಡುಕುತ್ತ ಬಂದ ಎಂಜಿನಿಯರ್ ಬೀಡನ್ ಕಣ್ಣಿಗೆ ಮಸ್ಕಿಯ ಶಾಸನ ಬಿದ್ದಾಗ. “ಸಾಮ್ರಾಟನ ಕಾರ್ಡು ಬಂದಿದ್ದು ನಮ್ಮೂರಿಗೆ. ತಾಲೀಮು ಇನ್ನೆಲ್ಲಿ ಮಾಡ್ತೀರಿ?” ಇದಕ್ಕೆ ಎದುರು ಮಾತಿಲ್ಲ. ಬಿಲ್ಲು ಸಿಂಧನೂರಿನವರದು.

ಇಷ್ಟೆಲ್ಲ ಬರೀ 599 ಹೇಳಲಿಕ್ಕೇ ಎಂದು ನಗುವವರಿಗೆ ಒಂದು ಮಾತು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ತಂಡ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಪರವಾಗಿ ಪೋರ್ಟ್ ಬ್ಲೇರಿಗೆ ಹೋಗಿ ಇದೇ ಕೆಲಸ ನಡೆಸಿತ್ತು. 26ರಂದು ಸುನಾಮಿ ಬಂತು; ಫೋನುಗಳು ಸತ್ತವು. ಸಂಪರ್ಕಗಳ ಎಣಿಕೆಗೆಂದು ಒಯ್ದ ಸೆಟ್ಟುಗಳಲ್ಲಿ ಆಮೇಲೆ ಹೋದದ್ದು ಇಂಥವರು ಬದುಕಿದ್ದಾರೆ, ಮನೆಗೆ ತಿಳಿಸಿ ಎಂಬ ಮಾತುಗಳು. ಕ್ಷಣದಲ್ಲಿ ಮುಗಿಸುವ ಆ ಒಣ ಲೆಕ್ಕದಲ್ಲಿ ಪಳಗಿದ ಕಿವಿಗಳೇ ಅಂದು ಗದ್ದಲದ ನಡುವೆ ಹೆಸರು ಹೆಕ್ಕಿ ದಾಟಿಸಿದವು.

ಆದ್ದರಿಂದ ನಮ್ಮ ತಂಡ ಹೋಗಲಿ. ಒಂದೇ ಅಂಜಿಕೆ: ನಮ್ಮ ಕಡೆಯವರಿಗೆ 599ಕ್ಕೆ ಮಾತು ನಿಲ್ಲಿಸುವುದು ಗೊತ್ತಿಲ್ಲ. ಊಟ ಆತೇನ್ರಿ, ಮಳಿ ಹೆಂಗೈತಿ, ಹುಡುಗರು ಏನು ಮಾಡ್ತಾರ ಎಂದು ಒಬ್ಬರನ್ನೇ ವಿಚಾರಿಸುವಷ್ಟರಲ್ಲಿ ಹೊತ್ತು ಹುಟ್ಟಿ ಬ್ಯಾಂಡು ಮುಚ್ಚುತ್ತದೆ. ಸಾಲಿನಲ್ಲಿ ನಿಂತ ಯುರೋಪು, ಜಪಾನಿನವರಿಗೆ ಆಗ ಹೇಳಬೇಕಾದ್ದನ್ನು ನಮ್ಮ ತಾಲೂಕು ಕಚೇರಿಗಳು ಎಂದೋ ಬಾಯಿಪಾಠ ಮಾಡಿಸಿವೆ: “ಇವತ್ತು ಟೈಮ್ ಮುಗೀತ್ರಿ, ನಾಳೆ ಬರ್ರಿ.”